ವಿಮಾನ, ರಾಕೆಟ್ ಬಗ್ಗೆ ಜನರಿಗೆ ತಿಳಿಸುವ ಸ್ವಯಂಸೇವಕರನ್ನು ತಯಾರು ಮಾಡುವುದು ಹೇಗೆ?

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಆ ದಿನ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆಗಸ್ಟ್ ಬಂತೆಂದರೆ ಶಾಲೆ, ಕಾಲೇಜು, ಗ್ರಂಥಾಲಯಗಳಲ್ಲಿ ವಸ್ತುಪ್ರದರ್ಶನ ಏಳುತ್ತದೆ. ಥರ್ಮಾಕೋಲಿನ ರಾಕೆಟ್ ಪಕ್ಕ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ನಿಂತು "ಪಿಎಸ್‌ಎಲ್‌ವಿಯು ನಾಲ್ಕು ಹಂತದ ರಾಕೆಟ್ ಆಗಿದ್ದು, ಇದರ ಎತ್ತರ 44 ಮೀಟರ್..." ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ನೋಡಲು ಬಂದ ಹಿರಿಯರೊಬ್ಬರು, "ಅಲ್ಲಮ್ಮ, ಮೇಲೆ ಗಾಳಿನೇ ಇಲ್ಲ ಅಂತಾರೆ, ಬೆಂಕಿ ಹೆಂಗೆ ಉರಿಯುತ್ತೆ?" ಎಂದು ಕೇಳುತ್ತಾರೆ. ಹುಡುಗಿ ಮೇಷ್ಟ್ರ ಮುಖ ನೋಡುತ್ತಾಳೆ.

ಈ ಲೇಖನ ಆ ಮೇಷ್ಟ್ರಿಗೆ. ಎನ್‌ಎಸ್‌ಎಸ್ ಅಧಿಕಾರಿಗಳಿಗೆ, ವಿಜ್ಞಾನ ಕೇಂದ್ರ ನಡೆಸುವವರಿಗೆ, ವಾಯುಪಡೆಯಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತರಾಗಿ ಊರಿಗೆ ಬಂದು ಏನಾದರೂ ಮಾಡಬೇಕು ಅಂದುಕೊಂಡವರಿಗೂ ಆಗಬಹುದು. ಹತ್ತು-ಹದಿನೈದು ಜನರ ತಂಡ, ಆರು ಭಾನುವಾರ, ಪ್ರತಿ ಭಾನುವಾರ ಎರಡು-ಮೂರು ಗಂಟೆ ಸಿಕ್ಕರೆ ಸಾಕು. ಆದರೆ ಆ ಸಮಯವನ್ನು ಉಪನ್ಯಾಸಕ್ಕೆ ಕೊಡಬೇಡಿ. ಇಂಥ ತರಬೇತಿಗಳು ಹೆಚ್ಚಾಗಿ ಸೋಲುವುದು ಅಲ್ಲೇ. ನ್ಯೂಟನ್‌ನಿಂದ ಶುರುಮಾಡಿ ಗಗನಯಾನದವರೆಗೆ ಸ್ಲೈಡ್ ತೋರಿಸುತ್ತಾರೆ, ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ. ಜನ ಕೇಳುವುದು ಮಾತ್ರ ಆ ಸ್ಲೈಡುಗಳಲ್ಲಿ ಎಲ್ಲೂ ಇರುವುದಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆಗಳ ನೋಟ್‌ಬುಕ್

ತರಬೇತಿ ಶುರುವಾಗುವ ಮೊದಲ ವಾರ ಯಾರಿಗೂ ಏನೂ ಕಲಿಸಬೇಡಿ. ಪ್ರತಿ ಸ್ವಯಂಸೇವಕರ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಬಸ್‌ಸ್ಟ್ಯಾಂಡು, ಸಂತೆ, ನೆಂಟರ ಮನೆ, ಪಡಿತರ ಅಂಗಡಿಯ ಸಾಲಿಗೆ ಕಳಿಸಿ. "ವಿಮಾನದ ಬಗ್ಗೆ, ರಾಕೆಟ್ ಬಗ್ಗೆ ನಿಮಗೇನಾದರೂ ಕೇಳಬೇಕು ಅನ್ನಿಸಿದೆಯಾ?" ಇಷ್ಟೇ ಕೇಳುವುದು. ಉತ್ತರ ಹೇಳುವ ಹಾಗಿಲ್ಲ. ಜನ ಹೇಗೆ ಕೇಳಿದರೋ ಹಾಗೇ, ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. "ಬಾಹ್ಯಾಕಾಶ ನೌಕೆಯ ಉಷ್ಣ ನಿರೋಧಕ ಹೊದಿಕೆ" ಎಂದು ತಿದ್ದಿದರೆ ಪ್ರಶ್ನೆ ಸತ್ತಂತೆ. "ಸ್ಯಾಟಲೈಟ್‌ಗೆ ಯಾಕೆ ಬಂಗಾರದ ಹಾಳೆ ಸುತ್ತಿರ್ತಾರೆ?" ಎಂದೇ ಇರಲಿ.

ಎರಡನೇ ಭಾನುವಾರ ಎಲ್ಲ ನೋಟ್‌ಬುಕ್‌ಗಳನ್ನೂ ನಡುವೆ ಹರಡಿ. ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಬಂದಿರುತ್ತದೆ. ವಿಮಾನದ ಟಾಯ್ಲೆಟ್‌ನಿಂದ ಕೆಳಗೆ ಬೀಳುತ್ತಾ ಎಂಬುದು ಖಂಡಿತ ಇರುತ್ತದೆ, ನಗಬೇಡಿ. (ಬೀಳುವುದಿಲ್ಲ. ನಿರ್ವಾತದಿಂದ ಎಳೆದು ಟ್ಯಾಂಕಿನಲ್ಲಿ ತುಂಬಿಸಿ, ಇಳಿದ ಮೇಲೆ ಗಾಡಿ ತಂದು ಖಾಲಿ ಮಾಡುತ್ತಾರೆ.) ವಿಮಾನದ ಹಿಂದೆ ಬಿಳಿ ಗೆರೆ ಯಾಕೆ? ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಚಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತದೆ, ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಅಲ್ಲೇ ಮಂಜಿನ ಹರಳಾಗುತ್ತದೆ. ಬ್ಲ್ಯಾಕ್ ಬಾಕ್ಸ್ ನಿಜಕ್ಕೂ ಕಪ್ಪಾ? ಇಲ್ಲ, ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲೆಂದು ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಬಂಗಾರದ ಹಾಳೆ ಬಂಗಾರದ್ದಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಪದರಕ್ಕೆ ಅಲ್ಯೂಮಿನಿಯಂ ಲೇಪಿಸಿ, ಅಂಥ ಹಲವು ಪದರ ಸೇರಿಸಿ ಮಾಡಿದ ಹೊದಿಕೆ. ಬಿಸಿಲಲ್ಲಿ ಕಾಯದಂತೆ, ನೆರಳಲ್ಲಿ ಹೆಪ್ಪುಗಟ್ಟದಂತೆ ಉಪಗ್ರಹವನ್ನು ಕಾಪಾಡುತ್ತದೆ.

ಇವುಗಳಲ್ಲಿ ಮೂವತ್ತು-ನಲವತ್ತು ಪ್ರಶ್ನೆ ಆರಿಸಿ. ಅವೇ ನಿಮ್ಮ ಪಠ್ಯಕ್ರಮ. ಪ್ರತಿ ಪ್ರಶ್ನೆಗೂ ಎರಡು ಉತ್ತರ ಬರೆಸಿ: ಅರ್ಧ ನಿಮಿಷದ್ದೊಂದು, "ಇನ್ನೂ ಹೇಳಿ" ಎಂದವರಿಗೆ ಮೂರು ನಿಮಿಷದ್ದೊಂದು.

ಯಾರನ್ನು ಸೇರಿಸಿಕೊಳ್ಳಬೇಕು

ಹೆಚ್ಚು ಅಂಕ ಪಡೆದವರನ್ನೇ ಆರಿಸಬೇಕಿಲ್ಲ. ಎದುರಿಗಿರುವವರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಇದ್ದವರು ಬೇಕು. ಪದವಿ ವಿದ್ಯಾರ್ಥಿಗಳು, ಒಬ್ಬಿಬ್ಬರು ಶಿಕ್ಷಕಿಯರು, ಒಬ್ಬ ನಿವೃತ್ತ ತಂತ್ರಜ್ಞ, ಸಾಧ್ಯವಾದರೆ ಒಬ್ಬ ಗೃಹಿಣಿ, ಹೀಗೆ ಬೆರಕೆಯಾಗಿದ್ದಷ್ಟೂ ಒಳ್ಳೆಯದು. ಪ್ರದರ್ಶನಕ್ಕೆ ಬಂದ ಅಜ್ಜಿ ತನ್ನ ಸಂಶಯವನ್ನು ಹುಡುಗರ ಬಳಿ ಕೇಳಲು ಹಿಂಜರಿಯಬಹುದು, ಮಗಳ ವಯಸ್ಸಿನವಳ ಬಳಿ ಕೇಳುತ್ತಾರೆ. ನಿವೃತ್ತ ಎಂಜಿನಿಯರುಗಳ ಬಗ್ಗೆ ಒಂದು ಮಾತು: ಅವರ ತಿಳಿವಳಿಕೆ ಚಿನ್ನ, ಆದರೆ ಎಂಜಿನ್ನಿನ ಕಂಪ್ರೆಸರ್ ಬ್ಲೇಡಿನ ಬಗ್ಗೆ ಶುರುಮಾಡಿದರೆ ಎದುರಿನ ಮಗು ಯಾವಾಗ ಎದ್ದು ಹೋಯಿತೆಂದು ಅವರಿಗೆ ಗೊತ್ತಾಗುವುದಿಲ್ಲ. ಅವರ ಪಕ್ಕ ಒಬ್ಬ ಚುರುಕಾದ ಹುಡುಗಿಯನ್ನು ನಿಲ್ಲಿಸಿ. ಮೂರು ನಿಮಿಷವಾದಾಗ "ಸರ್, ಇವರೇನೋ ಕೇಳ್ತಿದ್ದಾರೆ" ಎಂದು ಎಚ್ಚರಿಸುವುದು ಅವಳ ಕೆಲಸ.

ಒಬ್ಬರಿಗೆ ಒಂದೇ ವಸ್ತು

ಎಲ್ಲರೂ ಎಲ್ಲವನ್ನೂ ಕಲಿಯಬೇಕು ಎಂದರೆ ಯಾರಿಗೂ ಯಾವುದೂ ಸರಿಯಾಗಿ ಬರುವುದಿಲ್ಲ. ಪ್ರತಿಯೊಬ್ಬರೂ ಒಂದು ವಸ್ತುವನ್ನು ತಮ್ಮದಾಗಿಸಿಕೊಳ್ಳಲಿ. ಒಬ್ಬರಿಗೆ ಪಿಎಸ್‌ಎಲ್‌ವಿ ಮಾದರಿ, ಒಬ್ಬರಿಗೆ ಡಿಶ್ ತಟ್ಟೆ, ಒಬ್ಬರಿಗೆ ವಿಮಾನದ ರೆಕ್ಕೆ.

ಇದಕ್ಕಾಗಿ ಒಂದು ದಿನ ಬೆಂಗಳೂರಿಗೆ ಹೋಗಿಬರುವುದು ಒಳ್ಳೆಯದು. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್‌ಎಫ್-24 ಮರುತ್ ಯುದ್ಧವಿಮಾನ ನಿಂತಿದೆ. ತಂಡವನ್ನು ಅದರ ಮುಂದೆ ನಿಲ್ಲಿಸಿ, ಫಲಕ ಓದಲು ಬಿಡದೆ ಹತ್ತು ನಿಮಿಷ ಸುಮ್ಮನೆ ನೋಡಲು ಹೇಳಿ. ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ? ಕಾಕ್‌ಪಿಟ್ಟಿನ ಎರಡೂ ಬದಿಯಲ್ಲಿ ಬಾಯಿಗಳಿವೆ. ಎಲ್ಲಿಂದ ಹೊರಬರುತ್ತದೆ? ಹಿಂದೆ ಹೋಗಿ ನೋಡಿದರೆ ಅಕ್ಕಪಕ್ಕ ಎರಡು ಕೊಳವೆ. ಅಂದರೆ ಎಂಜಿನ್ ಎರಡು. ರೆಕ್ಕೆ ಯಾಕೆ ಹಿಂದಕ್ಕೆ ವಾಲಿದೆ? ವೇಗ ಶಬ್ದದ ವೇಗಕ್ಕೆ ಹತ್ತಿರವಾದಾಗ ನೇರ ರೆಕ್ಕೆಗೆ ಗಾಳಿಯ ತಡೆ ವಿಪರೀತ ಹೆಚ್ಚುತ್ತದೆ, ವಾಲಿಸಿದರೆ ಕಡಿಮೆ. ಇಷ್ಟು ಕಣ್ಣಿಂದ ಕಂಡ ಮೇಲೆ ಕಥೆ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ಯುದ್ಧವಿಮಾನ ರಚಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದದ್ದು, 1961ರ ಜೂನ್ 17ರಂದು ಮರುತ್ ಮೊದಲು ಹಾರಿದ್ದು, ಬೇಕಾದಷ್ಟು ಬಲದ ಎಂಜಿನ್ ಸಿಗದೆ ಅಂದುಕೊಂಡ ವೇಗ ಮುಟ್ಟದೇ ಹೋದದ್ದು, ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದ್ದು. ಮೊದಲ ಹಾರಾಟದ ಪೈಲಟ್ ಸುರಂಜನ್ ದಾಸ್ 1970ರಲ್ಲಿ ಮರುತ್ ಪರೀಕ್ಷಿಸುವಾಗಲೇ ತೀರಿಕೊಂಡರು. ಸಮೀಪದ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು. ಆ ರಸ್ತೆಯಲ್ಲಿ ದಿನವೂ ಬಸ್ ಹಿಡಿಯುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

"ಅಣ್ಣಾ, ಇದು ಪಾಕಿಸ್ತಾನಕ್ಕೆ ಹೋಗಿ ಬಂದಿದ್ಯಾ?" ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಈ ಮಾದರಿಯ ವಿಮಾನಗಳು ಯುದ್ಧಕ್ಕೆ ಹೋಗಿದ್ದವು ಎನ್ನಬಹುದು. ಎದುರಿಗಿರುವ ಇದೇ ವಿಮಾನ ಹೋಗಿತ್ತು ಎಂದು ಖುಷಿಪಡಿಸಲು ಹೇಳಿಬಿಡುವ ಆಸೆಯನ್ನು ತರಬೇತಿಯಲ್ಲೇ ಮುರಿಯಬೇಕು.

ಬೆಂಗಳೂರು ದೂರವಾದರೆ ಮಂಗಳೂರಿನ ಪಿಲಿಕುಳದ ತಾರಾಲಯವಿದೆ. ಇಸ್ರೋದ 'ಸ್ಪೇಸ್ ಆನ್ ವೀಲ್ಸ್' ಬಸ್ಸನ್ನು ಕೇಳಿ ತರಿಸಿಕೊಳ್ಳಲು ಸಂಸ್ಥೆಗಳು ಪ್ರಯತ್ನಿಸಬಹುದು. ಏನೂ ಇಲ್ಲದಿದ್ದರೂ ಊರಿನ ಮಾಳಿಗೆಗಳ ಮೇಲೆ ಡಿಡಿ ಫ್ರೀ ಡಿಶ್ ತಟ್ಟೆಗಳಿರುತ್ತವೆ. ಅವೆಲ್ಲ ಆಗ್ನೇಯಕ್ಕೇ ಮುಖ ಮಾಡಿವೆ, ಯಾಕೆ? ಅವು ನೋಡುತ್ತಿರುವ ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ಹೊತ್ತಿನಲ್ಲಿ ಸುತ್ತುತ್ತದೆ. ಹಾಗಾಗಿ ನಮಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ. ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಕಾಯ್ದು ನಿಲ್ಲಿಸುವ ಇಸ್ರೋ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಹಾಸನ ಜಿಲ್ಲೆಯ ಸ್ವಯಂಸೇವಕರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ?

ನಾಲ್ಕು ಪ್ರಯೋಗ, ಕೈಯಳತೆಯಲ್ಲಿ

ಪ್ರಯೋಗದ ಸಾಮಾನು ಊರಿನ ಅಂಗಡಿಯಲ್ಲಿ ಸಿಗುವಂಥದ್ದೇ ಆಗಿರಲಿ. ಈ ನಾಲ್ಕನ್ನು ಎಲ್ಲ ಸ್ವಯಂಸೇವಕರೂ ನಿದ್ದೆಯಲ್ಲೂ ಮಾಡುವಷ್ಟು ಅಭ್ಯಾಸ ಮಾಡಬೇಕು.

ಮೊದಲನೆಯದು ಚೆಂಡುಗಳದ್ದು. 24 ಸೆಂಟಿಮೀಟರ್ ಅಗಲದ ಬಾಸ್ಕೆಟ್‌ಬಾಲ್ ಭೂಮಿ, ಟೆನಿಸ್ ಚೆಂಡು ಚಂದ್ರ. ಚಂದ್ರನನ್ನು ನೋಡುಗರ ಕೈಗೆ ಕೊಟ್ಟು, "ಎಷ್ಟು ದೂರ ಇಡ್ತೀರಿ, ಇಡಿ ನೋಡೋಣ" ಎನ್ನಿ. ಹೆಚ್ಚಿನವರು ಒಂದು ಮಾರು ದೂರದಲ್ಲಿ ಹಿಡಿಯುತ್ತಾರೆ. ನಿಜಕ್ಕೂ ಏಳು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗಬೇಕು. ಅವರನ್ನೇ ನಡೆಸಿ. ಆಮೇಲೆ ಅದೇ ಅಳತೆಯಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಲ್ಲಿ ಎಂದು ಕೇಳಿ. ಅದು ಇರುವುದು 400 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಚೆಂಡಿನ ಮೈಯಿಂದ ಮುಕ್ಕಾಲು ಸೆಂಟಿಮೀಟರ್, ಕಿರುಬೆರಳಿನ ದಪ್ಪವೂ ಇಲ್ಲ. ಫ್ರೀ ಡಿಶ್ ಉಪಗ್ರಹ 67 ಸೆಂಟಿಮೀಟರ್. ಸೂರ್ಯನನ್ನು ನೋಡುತ್ತಿರುವ ಆದಿತ್ಯ-ಎಲ್1 ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಈ ಅಳತೆಯಲ್ಲಿ 28 ಮೀಟರ್, ಅಂದರೆ ಶಾಲೆಯ ಗೇಟಿನ ಹತ್ತಿರ. ಸೂರ್ಯ? ಸುಮಾರು 2.8 ಕಿಲೋಮೀಟರ್ ಆಚೆ, ಅಗಲ 26 ಮೀಟರ್. ಊರಿನಲ್ಲಿ ಆ ದೂರಕ್ಕೆ ಯಾವ ದೇವಸ್ಥಾನವೋ ಪೆಟ್ರೋಲ್ ಬಂಕೋ ಬರುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡರೆ ಮಾತಿಗೆ ತೂಕ ಬರುತ್ತದೆ. "ಆದಿತ್ಯ ಸೂರ್ಯನ ಹತ್ತಿರ ಹೋಗಿ ಸುಟ್ಟುಹೋಗಲ್ವಾ?" ಎಂಬ ಪ್ರಶ್ನೆಗೆ ಬೇರೆ ಉತ್ತರವೇ ಬೇಡ.

ಎರಡನೆಯದು ಬಾಟಲಿ. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ಬೆರಳಿಂದ ಮುಚ್ಚಿ ನೀರು ತುಂಬಿ. ಮುಚ್ಚಳ ಹಾಕಬೇಡಿ. ಸ್ಟೂಲಿನ ಮೇಲೆ ನಿಂತು ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನೇ ಬಿಟ್ಟುಬಿಡಿ. ಕೆಳಗಿನ ಬಕೆಟ್ಟಿಗೆ ಬೀಳುವವರೆಗೆ ತೂತಿನಿಂದ ನೀರು ಬರುವುದಿಲ್ಲ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ತೋರಿಸಿ, ಇಲ್ಲವಾದರೆ ಯಾರೂ ನಂಬುವುದಿಲ್ಲ. ಬಾಟಲಿ, ನೀರು ಎರಡೂ ಒಟ್ಟಿಗೆ ಬೀಳುತ್ತಿರುವುದರಿಂದ ನೀರು ಬಾಟಲಿಯ ಮೇಲೆ ಒತ್ತುವುದಿಲ್ಲ. "ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲ್ತಾರೆ" ಎಂಬ ತಪ್ಪು ತಿಳಿವಳಿಕೆ ಮೇಷ್ಟ್ರುಗಳಲ್ಲೂ ಇದೆ. ಬಾಹ್ಯಾಕಾಶ ನಿಲ್ದಾಣದ ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲಿಯದರ ಶೇ. 90ರಷ್ಟು ಇದ್ದೇ ಇದೆ. 2025ರಲ್ಲಿ ಅಲ್ಲಿಗೆ ಹೋದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ತೇಲಿದ್ದು ನಿಲ್ದಾಣದ ಜೊತೆಗೇ ಸದಾ ಬೀಳುತ್ತಿದ್ದುದರಿಂದ. ಅಡ್ಡಡ್ಡ ಸೆಕೆಂಡಿಗೆ 7.7 ಕಿಲೋಮೀಟರ್ ಓಡುತ್ತಿರುವುದರಿಂದ ನಿಲ್ದಾಣ ಬೀಳುತ್ತಲೇ ಭೂಮಿಯ ದುಂಡನ್ನು ದಾಟಿಹೋಗುತ್ತದೆ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡು ಸಾಕು.

ಹುಬ್ಬಳ್ಳಿಯ ಸ್ವಯಂಸೇವಕಿ ಇದನ್ನು "ನಿಲ್ದಾಣ ಬೀಳಾಕತ್ತೈತಿ, ಆದ್ರ ನೆಲ ಮುಟ್ಟೂದಿಲ್ಲ" ಎಂದರೆ ಸಾಕು, ಹಾಗೇ ಹೇಳಲಿ. ಗ್ರಾಂಥಿಕ ಕನ್ನಡಕ್ಕೆ, ಬೆಂಗಳೂರು ಕನ್ನಡಕ್ಕೆ ತಿದ್ದಬೇಡಿ. ತಾನು ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಲು ಬಂದರೆ ಅವಳಿಗೆ ವಿಷಯ ಅರ್ಥವಾಗಿದೆ ಎಂದೇ ಲೆಕ್ಕ.

ಮೂರನೆಯದು ಬಲೂನು. ನೈಲಾನ್ ದಾರಕ್ಕೆ ಸ್ಟ್ರಾ ಪೋಣಿಸಿ, ಊದಿದ ಬಲೂನನ್ನು ಟೇಪಿನಿಂದ ಅದಕ್ಕೆ ಅಂಟಿಸಿ ಬಾಯಿ ಬಿಟ್ಟರೆ ಸರ್ರನೆ ಓಡುತ್ತದೆ. ಇದನ್ನು ಎಲ್ಲರೂ ಮಾಡುತ್ತಾರೆ, ವಿವರಣೆ ಮಾತ್ರ ತಪ್ಪುತ್ತದೆ. ರಾಕೆಟ್ ಹಿಂದಿನ ಗಾಳಿಯನ್ನಾಗಲಿ ನೆಲವನ್ನಾಗಲಿ ಒದೆಯುವುದಿಲ್ಲ. ತನ್ನೊಳಗಿನ ಅನಿಲವನ್ನು ಹಿಂದಕ್ಕೆ ದೂಡುತ್ತದೆ, ಅನಿಲ ಅದನ್ನು ಮುಂದಕ್ಕೆ ದೂಡುತ್ತದೆ. ಆದ್ದರಿಂದ ಗಾಳಿಯಿಲ್ಲದ ಕಡೆಯೂ ಓಡುತ್ತದೆ. ಮೊದಲು ಕೇಳಿದ ಹಿರಿಯರ ಪ್ರಶ್ನೆಗೂ ಇಲ್ಲೇ ಉತ್ತರ: ರಾಕೆಟ್ ಇಂಧನದ ಜೊತೆಗೆ ಅದನ್ನು ಉರಿಸುವ ಆಕ್ಸಿಜನ್ನನ್ನೂ ಹೊತ್ತೊಯ್ಯುತ್ತದೆ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ರಾಕೆಟ್ಟಿನ ಮೇಲಿನ ಹಂತದಲ್ಲಿ ಇದ್ದದ್ದು ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವ ಹೈಡ್ರೋಜನ್, 183 ಡಿಗ್ರಿ ಕೆಳಗಿನ ದ್ರವ ಆಕ್ಸಿಜನ್. ನೆಲ ಬಿಡುವಾಗ ರಾಕೆಟ್ಟಿನ ತೂಕ ಸುಮಾರು 640 ಟನ್, ಅದು ಮೇಲೆ ಒಯ್ದ ಚಂದ್ರಯಾನದ ತೂಕ ನಾಲ್ಕು ಟನ್ನಿಗೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ದಾರಿಖರ್ಚು.

ನಾಲ್ಕನೆಯದು ಕಾಗದದ ಪಟ್ಟಿ. ಕೆಳತುಟಿಗೆ ಹಿಡಿದು ಮೇಲ್ಗಡೆ ಊದಿದರೆ ಪಟ್ಟಿ ಏಳುತ್ತದೆ. ವಿಮಾನದ ರೆಕ್ಕೆ ಏಳುವುದನ್ನು ತೋರಿಸುವ ಈ ಪ್ರಯೋಗದ ಜೊತೆಗೆ ಒಂದು ಸುಳ್ಳು ವಿವರಣೆಯೂ ಪುಸ್ತಕಗಳಲ್ಲಿ ಓಡಾಡುತ್ತಿದೆ: ರೆಕ್ಕೆಯ ಮೇಲಿನ ದಾರಿ ಉದ್ದ, ಕೆಳಗೆ ಹೋದ ಗಾಳಿಯ ಜೊತೆ ಒಂದೇ ಹೊತ್ತಿಗೆ ತುದಿ ಮುಟ್ಟಬೇಕಾದ್ದರಿಂದ ಮೇಲಿನ ಗಾಳಿ ಬೇಗ ಓಡುತ್ತದೆ ಎಂದು. ಗಾಳಿಗೆ ಅಂಥ ಒಪ್ಪಂದವೇನೂ ಇಲ್ಲ. ಮೇಲಿನದು ಮೊದಲೇ ತುದಿ ಮುಟ್ಟುತ್ತದೆ. ರೆಕ್ಕೆ ಎದುರು ಬಂದ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಆ ಗಾಳಿ ರೆಕ್ಕೆಯನ್ನು ಮೇಲಕ್ಕೆ ದೂಡುತ್ತದೆ. ಮೇಲ್ಮೈ ಮೇಲೆ ಒತ್ತಡ ಕಡಿಮೆಯಾಗುವುದು ಇದೇ ಘಟನೆಯ ಇನ್ನೊಂದು ಮುಖ. ಬೀದರಿನಲ್ಲಿ ನೆಲೆಯಿರುವ ವಾಯುಪಡೆಯ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ವಿಮಾನಗಳು ತಲೆಕೆಳಗಾಗಿಯೂ ಹಾರುತ್ತವೆ. 'ಉದ್ದ ದಾರಿ'ಯೇ ನಿಜವಾಗಿದ್ದರೆ ಅವು ಆಗಲೇ ನೆಲ ಸೇರಬೇಕಿತ್ತು. ಬೀದರಿನ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಅವರೇ ನಿಮಗೆ ಇನ್ನೆರಡು ಕಸರತ್ತಿನ ಹೆಸರು ಹೇಳುತ್ತಾರೆ.

ಕಾಟ ಕೊಡುವ ಅಭ್ಯಾಸ

ಐದನೇ ಭಾನುವಾರ ಅರ್ಧ ತಂಡ ನೋಡಲು ಬಂದ ಜನರ ಪಾತ್ರ ಮಾಡಲಿ. ಮಾತೇ ಆಡದ ಮಗು, ಎಲ್ಲ ಗೊತ್ತಿರುವ ಚಿಕ್ಕಪ್ಪ, ಸೆಲ್ಫಿಗೆ ಮಾತ್ರ ಬಂದ ಗುಂಪು, ಜಗಳಕ್ಕೇ ಬಂದವರು. ಚಿಕ್ಕಪ್ಪನ ಪಾತ್ರಕ್ಕೆ ಪೈಪೋಟಿ ಇರುತ್ತದೆ, ಸರದಿ ಹಾಕಿ.

ಮೂರು ವಿಷಯ ಇಲ್ಲಿ ಖಂಡಿತ ಬರಬೇಕು. ಮೊದಲನೆಯದು ದುಡ್ಡು. "ಊರಲ್ಲಿ ನೀರಿಲ್ಲ, ಚಂದ್ರನಿಗೆ ಕೋಟಿ ಕೋಟಿ ಯಾಕೆ?" ತೆರಿಗೆ ಕೊಡುವವರು ಕೇಳಲೇಬೇಕಾದ ಪ್ರಶ್ನೆಯಿದು, ಹೀಗಾಗಿ ದೇಶಪ್ರೇಮದ ಭಾಷಣ ಉತ್ತರವಾಗದು. ಚಂದ್ರಯಾನ-3ಕ್ಕೆ ಸುಮಾರು ₹615 ಕೋಟಿ ಖರ್ಚಾಯಿತೆಂದು ನೇರವಾಗಿ ಹೇಳಿ. ಚಂಡಮಾರುತದ ಮುನ್ಸೂಚನೆಗೆ ಉಪಗ್ರಹದ ಚಿತ್ರಗಳು ಬೇಕು, ಕಡಲಲ್ಲಿ ಮೀನು ಎಲ್ಲಿ ಸಿಗಬಹುದೆಂಬ ಸೂಚನೆ ಮಲ್ಪೆ, ಕಾರವಾರದ ಕಡೆಯ ಮೀನುಗಾರರಿಗೂ ಸಿಗುವುದು ಉಪಗ್ರಹಗಳು ಅಳೆದ ನೀರಿನ ಬಿಸಿ, ಬಣ್ಣದಿಂದ. ಚಂದ್ರಯಾನದಿಂದಲೇ ಮೀನು ಸಿಕ್ಕಿತು ಎಂದು ಮಾತ್ರ ಬೆರೆಸಿ ಹೇಳಬಾರದು. ಇಷ್ಟು ಹೇಳಿದ ಮೇಲೂ ಅವರು ಒಪ್ಪದಿದ್ದರೆ ಒಪ್ಪದಿರಲಿ.

ಎರಡನೆಯದು ನಮ್ಮ ಪುರಾಣದ ವಿಮಾನಗಳು. "ನಮ್ಮವರು ಆಗಲೇ ಮಾಡಿದ್ರು" ಎಂದು ವಿಮಾನ ಕಟ್ಟುವ ಬಗೆ ಹೇಳುವ ಸಂಸ್ಕೃತ ಪುಸ್ತಕ ವೈಮಾನಿಕ ಶಾಸ್ತ್ರದ ಹೆಸರು ಹೇಳುವವರು ಕರ್ನಾಟಕದಲ್ಲಿ ಹೆಚ್ಚು, ಯಾಕೆಂದರೆ ಅದನ್ನು ಹೇಳಿ ಬರೆಸಿದ ಸುಬ್ಬರಾಯ ಶಾಸ್ತ್ರಿಗಳು ಆನೇಕಲ್ಲಿನವರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಅದು 20ನೇ ಶತಮಾನದ ಆರಂಭದ ರಚನೆ, ಅದರಲ್ಲಿನ ವಿಮಾನಗಳು ಹಾರುವಂಥವಲ್ಲ ಎಂದು ಪ್ರಕಟಿಸಿದ್ದಾರೆ. ಇದನ್ನು ತಣ್ಣಗೆ, ಗೇಲಿ ಮಾಡದೆ ಹೇಳುವ ಅಭ್ಯಾಸ ಬೇಕು. ಎದುರಿನವರ ನಂಬಿಕೆಯನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದರೆ ಆ ನಾಲ್ಕೂ ಜನ ಅವರ ಕಡೆಗೇ ಹೋಗುತ್ತಾರೆ.

ಮೂರನೆಯದು ಅಮೆರಿಕದವರು ಚಂದ್ರನ ಮೇಲೆ ಇಳಿದೇ ಇಲ್ಲ ಎಂಬ ವಾಟ್ಸ್‌ಆ್ಯಪ್ ವಾದ. ಅಪೊಲೊ ಯಾನಿಗಳು ಇಟ್ಟುಬಂದ ಪ್ರತಿಫಲಕಗಳಿಗೆ ಇಂದಿಗೂ ಲೇಸರ್ ಹಾಯಿಸಿ ಚಂದ್ರನ ದೂರ ಅಳೆಯುತ್ತಾರೆ, ನಾಸಾದ ಎಲ್‌ಆರ್‌ಒ ನೌಕೆ ಚಂದ್ರನನ್ನು ಸುತ್ತುತ್ತಾ ಅವರು ಇಳಿದ ಜಾಗಗಳ ಚಿತ್ರ ತೆಗೆದಿದೆ. ಎರಡು ವಾಕ್ಯ ಸಾಕು, ಹಿಂದೆ ಸಾಲು ಕಾಯುತ್ತಿರುತ್ತದೆ.

ಒಂದು ರಾತ್ರಿ ಹೊರಗೆ

ಬಾಹ್ಯಾಕಾಶ ನಿಲ್ದಾಣ ಊರಿನ ಮೇಲೆ ಹಾದುಹೋಗುವ ಹೊತ್ತು ನಾಸಾದ 'ಸ್ಪಾಟ್ ದಿ ಸ್ಟೇಷನ್'ನಲ್ಲಿ ಸಿಗುತ್ತದೆ. ಮುಸ್ಸಂಜೆಯ ನಂತರ ಅಥವಾ ಬೆಳಗಿನ ಜಾವದ ಹೊತ್ತು ಆರಿಸಿ, ತಂಡವನ್ನು ಬಯಲಿಗೆ ಕರೆದೊಯ್ಯಿರಿ. ಮಿನುಗದೆ, ಸದ್ದಿಲ್ಲದೆ ಕೆಲವೇ ನಿಮಿಷ ಸಾಗಿ, ಭೂಮಿಯ ನೆರಳಿಗೆ ಹೊಕ್ಕಾಗ ನಡು ಆಕಾಶದಲ್ಲೇ ಮಾಯವಾಗುವುದೂ ಉಂಟು. ವಿಮಾನವಾದರೆ ದೀಪ ಮಿಣುಕುತ್ತದೆ. ಅದರ ಎಡ ರೆಕ್ಕೆಯ ತುದಿಗೆ ಕೆಂಪು, ಬಲಕ್ಕೆ ಹಸಿರು. ಕೆಂಪು ನಿಮ್ಮ ಬಲಕ್ಕೆ, ಹಸಿರು ನಿಮ್ಮ ಎಡಕ್ಕೆ ಕಂಡರೆ ವಿಮಾನ ನಿಮ್ಮತ್ತಲೇ ಬರುತ್ತಿದೆ. ಹತ್ತಿರದಲ್ಲಿ ವಿಮಾನ ನಿಲ್ದಾಣವಿದ್ದರೆ ರನ್‌ವೇ ಅಂಕಿಯನ್ನೂ ಸೇರಿಸಿಕೊಳ್ಳಿ: ಮಂಗಳೂರಿನದು 06 ಮತ್ತು 24, ಕೆಂಪೇಗೌಡ ನಿಲ್ದಾಣದ್ದು 09 ಮತ್ತು 27. ದಿಕ್ಸೂಚಿಯ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ ಕೊನೆಯ ಸೊನ್ನೆ ಬಿಟ್ಟರೆ ಉಳಿಯುವುದೇ ಆ ಅಂಕಿ. 09 ಎಂದರೆ 90 ಡಿಗ್ರಿ, ಪೂರ್ವಕ್ಕೆ ಮುಖ. ಫೋನಿನ ಕಂಪಾಸ್ ತೆಗೆದು ಯಾರು ಬೇಕಾದರೂ ತಾಳೆ ನೋಡಬಹುದು.

ಎಚ್ಚರ

ದೂರದರ್ಶಕದಲ್ಲಾಗಲಿ ಬೈನಾಕ್ಯುಲರಿನಲ್ಲಾಗಲಿ ಸೂರ್ಯನನ್ನು ನೇರ ನೋಡುವಂತಿಲ್ಲ, ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿ ತೋರಿಸಿ, ಅದರ ಪಕ್ಕದಿಂದ ಒಬ್ಬ ಸ್ವಯಂಸೇವಕ ಕದಲಬಾರದು. ನೀರಿನ ರಾಕೆಟ್ ಹಾರಿಸುವುದಾದರೆ ಗ್ಯಾಸ್ ತುಂಬಿದ ಪಾನೀಯದ ಬಾಟಲಿಯನ್ನೇ ಬಳಸಿ, ತೆಳು ನೀರಿನ ಬಾಟಲಿ ಒಡೆಯುತ್ತದೆ. ಮೂರನೇ ಒಂದು ಭಾಗ ನೀರು, ಸೈಕಲ್ ಪಂಪಿನ ಗಾಳಿ, ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸುವುದು. ಪಟಾಕಿ ಮದ್ದಿನ 'ರಾಕೆಟ್' ಮಾಡಿ ತರುತ್ತೇನೆ ಎನ್ನುವ ಉತ್ಸಾಹಿ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ಬೇಡ ಅನ್ನಿ.

ಪ್ರದರ್ಶನದ ದಿನ, ಆಮೇಲೆ

ಒಬ್ಬರನ್ನು ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ, ಗಂಟಲು ಹೋಗುತ್ತದೆ, ಸಹನೆಯೂ. ಪ್ರತಿ ಮೇಜಿನ ಮೇಲೆ ಖಾಲಿ ಚೀಟಿಗಳ ಕಟ್ಟು ಇರಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಸ್ವಯಂಸೇವಕ, "ಇದು ನನಗೂ ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ" ಎಂದು ಚೀಟಿಯಲ್ಲಿ ಪ್ರಶ್ನೆ ಬರೆದು, ಕೇಳಿದವರು ಒಪ್ಪಿದರೆ ಫೋನ್ ನಂಬರ್ ಪಡೆದುಕೊಳ್ಳಲಿ. ಒಂದು ವಾರದೊಳಗೆ ಕರೆ ಮಾಡಿ ಉತ್ತರ ಹೇಳಿ. ಸಂತೆಯಲ್ಲಿ ತರಕಾರಿ ಮಾರುವ ಅಮ್ಮನಿಗೆ, "ಅವತ್ತು ಕೇಳಿದ್ರಲ್ಲ, ಅದರ ಉತ್ತರ ಸಿಕ್ತು" ಎಂದು ಫೋನ್ ಬಂದರೆ ಅದು ಸಂತೆಗೆಲ್ಲ ಹಬ್ಬುತ್ತದೆ, ಮುಂದಿನ ವರ್ಷ ಬ್ಯಾನರ್ ಹಾಕುವ ಖರ್ಚು ಉಳಿಯುತ್ತದೆ.

ಸಂಜೆ ಬಾಗಿಲು ಹಾಕುವ ಮೊದಲು ತಂಡ ಒಟ್ಟಿಗೆ ಕೂತು ಹೊಸ ಪ್ರಶ್ನೆಗಳನ್ನೆಲ್ಲ ಮೊದಲಿನ ನೋಟ್‌ಬುಕ್ಕಿಗೆ ಏರಿಸಲಿ. ಅಂಕಿಗಳ ಮುಂದೆ ದಿನಾಂಕ ಬರೆಯುವ ಅಭ್ಯಾಸ ಬೇಕು, ಏಕೆಂದರೆ ಬಾಹ್ಯಾಕಾಶದ ಸುದ್ದಿ ಬೇಗ ಹಳತಾಗುತ್ತದೆ. ಪ್ರತಿ ಉಡಾವಣೆಯ ನಂತರ ಯಾವ ಉತ್ತರ ಬದಲಾಯಿತೆಂದು ನೋಡುವ ಹೊಣೆಯನ್ನು ತಂಡದ ಒಬ್ಬರಿಗೆ ವಹಿಸಿ. ಈ ವರ್ಷದ ತಂಡದಿಂದ ಇಬ್ಬರು ಮುಂದಿನ ವರ್ಷ ಹೊಸಬರಿಗೆ ಕಲಿಸಲಿ. ಯಾರು ಆ ಇಬ್ಬರು ಎಂಬುದನ್ನು ಅಂದೇ, ಎಲ್ಲರೂ ಇರುವಾಗಲೇ ನಿರ್ಧರಿಸಿ. ಪರೀಕ್ಷೆ ಬಂದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.